ಹಾರ್ಡ್‌ಡಿಸ್ಕಿಗೆ ಮುಡಿಸಿದ ಸೇವಂತಿಗೆ

ಯಂತ್ರ ಯಾಕೆ ಕೆಟ್ಟಿತು ಎಂದು ಗೊತ್ತಿಲ್ಲದವರು ಸುಖಿಗಳು. ಬೈಯಬಹುದು, ತಟ್ಟಬಹುದು, ಮಾಡಿದವನಿಗೆ ಶಾಪ ಹಾಕಬಹುದು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡವನ ಪಾಡು ಬೇರೆ. ಅವನು ಎಲ್ಲರಿಗಿಂತ ಜೋರಾಗಿ ಬೈಯಬೇಕಾಗುತ್ತದೆ. ಕಳೆದ ವರ್ಷದ ಆಯುಧಪೂಜೆ ಮುಗಿದ ಮೇಲೆ ನಾನು ಹಾಗೆ ಬೈದುಕೊಂಡೇ ತಿರುಗಿದೆ.

ನನ್ನದು ಅಜ್ಜಂಪುರದಲ್ಲಿ ಹಿಟ್ಟಿನ ಮಿಲ್ಲು. ಓದಿದ್ದು ಎಂಟನೇ ಕ್ಲಾಸು, ಅದೂ ಮೇಷ್ಟ್ರ ದಯೆ. ನನ್ನ ಪಾಲಿನ ಓದನ್ನೂ ತಾನೇ ಓದಿದ ತಂಗಿ ಶೈಲಾ ಮಿಲ್ಲಿನ ಪಕ್ಕದ ಕೋಣೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಮದುವೆ ವಿಡಿಯೋ ಎಡಿಟ್ ಮಾಡಿಕೊಡುತ್ತಾಳೆ. ಇಷ್ಟೊಂದು ಮದುವೆಗಳಿಗೆ ಒಂದು ಡಿಸ್ಕು ಸಾಲದೆ, ಕಡೂರಿನ ರಿಪೇರಿ ಅಂಗಡಿಯ ಪರಮೇಶಿ ಲ್ಯಾಪ್‌ಟಾಪಿನ ಸಿ.ಡಿ. ಹಾಕುವ ತಟ್ಟೆ ಬಿಚ್ಚಿ ತೆಗೆದು, ಆ ಜಾಗದಲ್ಲಿ ಎರಡನೇ ಹಾರ್ಡ್‌ಡಿಸ್ಕು ಕೂರಿಸಿಕೊಟ್ಟಿದ್ದ.

ಆಯುಧಪೂಜೆಯ ದಿನ ನಾನು ಯಾವ ಕಬ್ಬಿಣವನ್ನೂ ಬಿಡುವವನಲ್ಲ. ಮಿಲ್ಲು, ತಕ್ಕಡಿ, ಬೈಕು, ಸ್ಪ್ಯಾನರ್, ಕೊನೆಗೆ ಅಡುಗೆಮನೆಯ ಈಳಿಗೆಮಣೆ, ಎಲ್ಲಕ್ಕೂ ಮೂರು ಎಳೆ ವಿಭೂತಿ, ಕುಂಕುಮ, ಹೂವು. ಅವತ್ತು ಶೈಲಾ ತರೀಕೆರೆಗೆ ಗೆಳತಿಯ ಮನೆಗೆ ಹೋಗಿದ್ದಳು. ಕೋಣೆಗೆ ಇಣುಕಿದರೆ ಲ್ಯಾಪ್‌ಟಾಪು ಬೋಳಾಗಿ ಕೂತಿದೆ. ಅನ್ನ ಹಾಕುವ ಯಂತ್ರ! ವಿಭೂತಿಯೇನೋ ಅಂದವಾಗಿ ಎಳೆದೆ. ಆದರೆ ಹೂವು ನಿಲ್ಲಲೊಲ್ಲದು. ಮಿಲ್ಲಿನಲ್ಲಾದರೆ ನಟ್ಟು, ಬೋಲ್ಟು, ಪೈಪು ಅಂತ ಹೂ ಸಿಗಿಸಲು ಬೇಕಾದಷ್ಟು ಜಾಗ. ಲ್ಯಾಪ್‌ಟಾಪ್ ಕಂಡುಹಿಡಿದ ಮಹಾಶಯನಿಗೆ ಅಷ್ಟು ಸಾಮಾನ್ಯ ಜ್ಞಾನವೂ ಇಲ್ಲ. ಹುಡುಕಿದೆ. ಪಕ್ಕದಲ್ಲಿ ಪರಮೇಶಿ ಕೂರಿಸಿದ ಡಿಸ್ಕಿನ ಅಂಚಿಗೆ ಸಣ್ಣ ಸಂದಿಯಿತ್ತು. ಸೇವಂತಿಗೆಯ ತೊಟ್ಟನ್ನು ಅದರೊಳಗೆ ಒತ್ತಿದೆ. ಗಟ್ಟಿಯಾಗಿ ಕೂತಿತು. ಸಂಜೆ ಎಳೆದಾಗ ಹೂವು ಕೈಗೆ ಬಂತು, ತೊಟ್ಟು ಬರಲಿಲ್ಲ. ಒಳಗೆ ಹೋದದ್ದು ದೇವರಿಗೆ ಸೇರಿತು ಎಂದುಕೊಂಡು ಮುಚ್ಚಳ ಒರೆಸಿಟ್ಟೆ.

ಮಾರನೇ ದಿನದಿಂದ ಶುರು. ಯಗಟಿ ಊರಿನ ಒಂದು ಮನೆಯವರ ಮದುವೆ ಪೂರ್ತಿ ಆ ಎರಡನೇ ಡಿಸ್ಕಿನಲ್ಲಿತ್ತು, ಬೇರೆಲ್ಲೂ ಇರಲಿಲ್ಲ. ಕಾಪಿ ಮಾಡಲು ಹೋದರೆ ಅರಿಶಿನದ ಶಾಸ್ತ್ರ ಮುಗಿಯುವ ಹೊತ್ತಿಗೆ ಡಿಸ್ಕೇ ಮಾಯ. ಆಫ್ ಮಾಡಿ ಆನ್ ಮಾಡಿದರೆ ಬರುತ್ತದೆ, ವಧು ಮಂಟಪ ಹತ್ತುವಷ್ಟರಲ್ಲಿ ಮತ್ತೆ ಮಾಯ. ಸಲಹೆಗಳಿಗೇನೂ ಕೊರತೆಯಾಗಲಿಲ್ಲ. ತರೀಕೆರೆಯ ನಮ್ಮ ಚಿಕ್ಕಪ್ಪನ ಮಗ ಫೋನಿನಲ್ಲೇ ವೈರಸ್ ಎಂದು ತೀರ್ಪು ಕೊಟ್ಟ. ಶೈಲಾ ಅದೇನೋ ಸೆಟ್ಟಿಂಗು ಬದಲಾಯಿಸಿದಳು, ಹೊಸ ವಿಂಡೋಸ್ ಹಾಕಿದಳು. ರಾಗಿ ಬೀಸಿಸಲು ಬಂದ ಗೌರಮ್ಮಜ್ಜಿ ಬಾಗಿಲಲ್ಲೇ ನಿಂತು, “ಕಣ್ಣಾಗೈತೆ ಕಣೇ, ಒಣಮೆಣಸಿನಕಾಯಿ ನಿವಾಳ್ಸು” ಅಂದಳು. ನಾನೂ ಹಿಂದೆ ಬೀಳಲಿಲ್ಲ. “ಒಂದೇಟು ತಟ್ಟು. ಮಿಲ್ಲಿಗೆ ನಾನು ಹಂಗೇ ಮಾಡೋದು.”

ಯಗಟಿಯ ಹುಡುಗಿಯ ತಾಯಿ ಫೋನ್ ಮಾಡಿದರು. “ಸೀಮಂತ ಆಗೋದ್ರೊಳಗಾದ್ರೂ ಮದ್ವೆ ತೋರಿಸ್ತೀಯೇನಮ್ಮಾ?” ಶೈಲಾ ಫೋನಿಟ್ಟು ಮತ್ತೊಮ್ಮೆ ಲ್ಯಾಪ್‌ಟಾಪ್ ಆಫ್ ಮಾಡಿ ಆನ್ ಮಾಡಿದಳು. ಈ ಕಸುಬಿನಲ್ಲಿ ಒಂದು ಮದುವೆ ಕಳೆದರೆ ಮುಂದಿನ ಮದುವೆ ಯಾರೂ ಕೊಡುವುದಿಲ್ಲ. ಆಗ ಹೇಳಬೇಕಿತ್ತು. ಬಾಯಿ ತೆರೆದೆ ಕೂಡ. “ಆ ಪರಮೇಶಿ ಸರಿಯಾಗಿ ಕೂರಿಸಿಲ್ಲ ಅನ್ಸುತ್ತೆ ಕಣೇ” ಎಂದುಬಿಟ್ಟೆ.

ಬೈಕಿನಲ್ಲಿ ಅವಳನ್ನು ಕಡೂರಿಗೆ ಕರೆದೊಯ್ದವನೂ ನಾನೇ. ಅಂಗಡಿ ತುಂಬ ಗಿರಾಕಿಗಳು. ಎಲ್ಲರೆದುರು ಶೈಲಾ ಪರಮೇಶಿಯನ್ನು ತರಾಟೆಗೆ ತೆಗೆದುಕೊಂಡಳು. ಅಣ್ಣನಾದವನು ಸುಮ್ಮನಿರುವುದು ಹೇಗೆ? “ಕೆಲಸ ಬರ್ದಿದ್ಮೇಲೆ ಅಂಗಡಿ ಯಾಕಪ್ಪಾ ತೆಗೀತೀಯ?” ಎಂದು ನಾನೂ ಒಂದು ಸೇರಿಸಿದೆ. ಮೊಬೈಲ್ ತೋರಿಸಲು ಬಂದಿದ್ದ ಒಬ್ಬರು ಅದನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡು ಹೊರಟುಹೋದರು.

ಪರಮೇಶಿ ಸ್ಕ್ರೂ ಬಿಚ್ಚಿ ಡಿಸ್ಕನ್ನು ಹೊರಗೆಳೆದ. ಹಿಂದೆಯೇ ಒಣಗಿದ ತೊಟ್ಟು, ಎರಡು ಹಳದಿ ಎಸಳು, ಬೂದಿ ಉದುರಿದವು. ತೊಟ್ಟು ಅಡ್ಡ ಸಿಕ್ಕಿ ಡಿಸ್ಕು ಕೂದಲೆಳೆಯಷ್ಟು ಮುಂದಕ್ಕೆ ಬಂದು ಒಳಗಿನ ಕನೆಕ್ಷನ್ ಸಡಿಲಾಗಿತ್ತು.

“ಇಲಿ ಕೆಲಸ,” ಅಂದ ಪರಮೇಶಿ. ಆಮೇಲೆ ಬೂದಿ ಮೂಸಿ ನೋಡಿ ನಕ್ಕ. “ನಿಮ್ಮನೆ ಇಲಿಗೆ ದೈವಭಕ್ತಿ ಜಾಸ್ತಿ ಶೈಲಕ್ಕ. ವಿಭೂತಿನೂ ತಂದೈತೆ. ಆದ್ರೂ ಆ ಸಂದಿ ನಾನೇ ಮುಚ್ಚಬೇಕಿತ್ತು, ತಪ್ಪಾಯ್ತು.”

ಶೈಲಾ ನನ್ನ ಕಡೆ ತಿರುಗಿದಳು. ನಾನು ಫ್ಯಾನಿನ ರೆಕ್ಕೆ ನೋಡುತ್ತಿದ್ದೆ. ಆಗ ನನ್ನ ಬಾಯಿಂದ ಬಂದ ಮಾತನ್ನು ಬರೆಯಲು ಇವತ್ತಿಗೂ ಕೈ ಹಿಂದೆಗೆಯುತ್ತದೆ: “ಇರ್ಲಿ ಬಿಡಪ್ಪಾ, ಎಲ್ರಿಗೂ ಆಗುತ್ತೆ.” ತಪ್ಪು ಮಾಡಿದವನೇ ಕ್ಷಮಿಸಲು ಕೂತರೆ ಎಷ್ಟು ಉದಾರಿಯಾಗುತ್ತಾನೆ ನೋಡಿ.

ಡಿಸ್ಕು ಗಟ್ಟಿಯಾಗಿ ಕೂತಿತು. ಯಗಟಿಯ ಮದುವೆ ಬೀಗರೂಟದವರೆಗೆ ಪೂರ್ತಿ ಸಿಕ್ಕಿತು. ಆದರೆ ಊರಿಗೆ ಬಂದ ಶೈಲಾ ಒಂದು ಇಲಿಬೋನು ತಂದು ಲ್ಯಾಪ್‌ಟಾಪಿನ ಪಕ್ಕ ಇಟ್ಟಳು. ಒಳಗೆ ಕೊಬ್ಬರಿ ಮಿಠಾಯಿ. ಮನೆಯಲ್ಲಿ ಕೊಬ್ಬರಿ ಮಿಠಾಯಿಗೆ ಬೀಳುವ ಪ್ರಾಣಿ ಒಂದೇ. ಬೆಳಿಗ್ಗೆ ಕಾಫಿ ಕೊಡುವಾಗೆಲ್ಲ ಕೇಳುವಳು: “ಇಲಿ ಸಿಕ್ತೇನಣ್ಣಾ?”

ಕೊನೆಗೆ ತಡೆಯಲಾರದೆ, “ಆ ಇಲಿ ನಾನೇ ಕಣೇ,” ಎಂದೆ.

“ಗೊತ್ತು. ಇಲಿ ಹೂವ ತಿನ್ನುತ್ತೆ, ಮುಡ್ಸಲ್ಲ.” ಲೋಟ ಕೆಳಗಿಟ್ಟಳು. “ನಂಗೆ ಹೇಳಿ ಏನ್ ಬಂತು? ಪರಮೇಶಣ್ಣನ್ನ ಅಂಗಡಿ ತುಂಬ ಜನ ಇದ್ದಾಗ ಬೈದ್ವಿ. ಹಂಗೇ ತುಂಬಿದ್ದಾಗ ಹೋಗಿ ಹೇಳು.”

ಸಂತೆಯ ದಿನ ಹೋದೆ. ಅಂಗಡಿ ತುಂಬುವವರೆಗೆ ಎದುರಿನ ಹೋಟೆಲಿನಲ್ಲಿ ಕೂತು, ತುಂಬಿದ ಮೇಲೂ ಇನ್ನೊಂದು ಕಾಫಿ ಕುಡಿದು, ಒಳಗೆ ನುಗ್ಗಿ ಎಲ್ಲರಿಗೂ ಕೇಳುವಂತೆ ಹೇಳಿದೆ. ಹೂವು ಇಟ್ಟವನು ನಾನು, ಬೈದವನೂ ನಾನು. ಪರಮೇಶಿ ಸ್ಕ್ರೂಡ್ರೈವರ್ ಕೆಳಗಿಡಲೂ ಇಲ್ಲ. “ಇರ್ಲಿ ಬಿಡಣ್ಣಾ, ಎಲ್ರಿಗೂ ಆಗುತ್ತೆ” ಅಂದ. ನನ್ನ ಮಾತು ನನಗೇ ವಾಪಸು ಬಂತು. ಅದಕ್ಕಿಂತ ಎರಡು ಬೈದಿದ್ದರೆ ಹಗುರಾಗಿ ಮನೆಗೆ ಬರುತ್ತಿದ್ದೆ.

ಈ ವರ್ಷದ ಆಯುಧಪೂಜೆಗೆ ಶೈಲಾ ಲ್ಯಾಪ್‌ಟಾಪಿಗೆ ಟವೆಲು ಹೊದಿಸಿ ಬಾಗಿಲಲ್ಲೇ ನಿಂತಿದ್ದಳು. ದೂರದಿಂದಲೇ ಊದುಬತ್ತಿ ಬೆಳಗಿದೆ. ಕೈಯಲ್ಲಿ ಒಂದು ಸೇವಂತಿಗೆ ಉಳಿಯಿತು. ಎಲ್ಲಿಡಲಿ ಎಂದು ಅವಳ ಮುಖ ನೋಡಿದೆ. ಅವಳು ಅದನ್ನು ಇಸಿದುಕೊಂಡು ನನ್ನ ಕಿವಿಗೆ ಸಿಗಿಸಿದಳು.

“ಇಲ್ಲಿ ಅಲ್ಲಾಡದೆ ನಿಲ್ಲುತ್ತೆ ನೋಡು,” ಅಂದಳು.

ಸಂಜೆಯವರೆಗೆ ನಾನದನ್ನು ತೆಗೆಯಲಿಲ್ಲ.