ಅಮ್ಮನ ಚಿಲುಮೆಯ ಮೇಲೆ ದೋಣಿ

ನಾನು ದೋಣಿ ತಂದ ದಿನ ಮಿಡಿಗೇಶಿ ಕಡೆಯ ನಮ್ಮೂರಿನಲ್ಲಿ ನಗದವರಿಲ್ಲ. ನಗಲಿ ಬಿಡಿ. ಕುಡಿಯುವ ನೀರಿಗೇ ಟ್ಯಾಂಕರ್ ಕಾಯುವ ಸೀಮೆಯಲ್ಲಿ, ಐವತ್ತು ದಾಟಿದ ಹೈಸ್ಕೂಲು ಟೀಚರೊಬ್ಬಳು ನಾಲ್ಕು ಜನ ಕೂರುವ ಫೈಬರ್ ದೋಣಿ ಮತ್ತು ಒಂದು ಹಳೆಯ ಪೆಟ್ರೋಲ್ ಎಂಜಿನ್ನನ್ನು ತವರುಮನೆಯ ಮುಂದೆ ಇಳಿಸಿಕೊಂಡರೆ ಯಾರಿಗೆ ನಗು ಬರುವುದಿಲ್ಲ? "ಅಕ್ಕಾ, ಇದನ್ನ ರಾಗಿ ಹೊಲ್ದಾಗೆ ಓಡುಸ್ತೀಯೇನು?" ಅಂದ ನನ್ನ ತಮ್ಮ. ಆದರೆ ಆ ವರ್ಷ ನಮ್ಮ ಕೆರೆ ಕೋಡಿ ಬಿದ್ದಿತ್ತು. ನಾನು ಲಂಗ ಉಡುವ ವಯಸ್ಸಿನಲ್ಲಿ ಒಮ್ಮೆ ತುಂಬಿದ್ದ ಕೆರೆ ಮತ್ತೆ ತುಂಬಿದ್ದು ಆಗಲೇ.

ದೋಣಿ ತಂದದ್ದು ಷೋಕಿಗೂ ಹೌದು, ಸುಳ್ಳು ಹೇಳುವುದಿಲ್ಲ. ಭಾನುವಾರ ಮಧುಗಿರಿಯಿಂದ ಬಂದು ನೀರಿನ ಮೇಲೆ ಒಂದು ಸುತ್ತು ಹೋಗಬೇಕೆಂಬ ಆಸೆ ನನಗಿತ್ತು. ಅದಕ್ಕಿಂತ ದೊಡ್ಡ ಕಾರಣ ಅಮ್ಮ.

ಅಪ್ಪ ಈ ಕೆರೆಯ ನೀರುಗಂಟಿಯಾಗಿದ್ದವನು. ತೂಬು ಎತ್ತಿ ಇಳಿಸಿ ಗದ್ದೆಗಳಿಗೆ ನೀರು ಹಂಚುವ ಕೆಲಸ. ಕೆರೆ ಒಣಗಿದ ವರ್ಷಗಳಲ್ಲಿ ಕೆರೆಯಂಗಳದ ನಡುವೆ ಅಮ್ಮ ಚಿಲುಮೆ ತೋಡುತ್ತಿದ್ದಳು. ಆಳೆತ್ತರದ ಗುಂಡಿಗೆ ಇಳಿದು, ತಳದಲ್ಲಿ ನೀರು ಜಿನುಗುವುದನ್ನು ಕಾದು, ತೆಂಗಿನ ಚಿಪ್ಪಿನಲ್ಲಿ ಬಳಿದು ಕೊಡಕ್ಕೆ ಸುರಿಯಬೇಕು. ಒಂದು ಚಿಪ್ಪು ತುಂಬುವಷ್ಟರಲ್ಲಿ ಮೇಲೆ ಕೂತ ನಾನು ಹತ್ತೊಂಬತ್ತರ ಮಗ್ಗಿಯನ್ನು ಎರಡು ಸಲ ಒಪ್ಪಿಸುತ್ತಿದ್ದೆ.

ನನ್ನ ಲಂಗದ ಕಾಲದಲ್ಲಿ ಕೆರೆ ತುಂಬಿದಾಗ ಊರಿನ ಹೆಂಗಸರು ಏರಿಯ ಮೇಲಿಂದ ಗಂಗಮ್ಮನಿಗೆ ಬಾಗಿನ ಬಿಟ್ಟರು. ಮೊರದಲ್ಲಿ ಬಳೆ, ಅರಿಸಿನ, ಕುಂಕುಮ, ಧಾನ್ಯ ಇಟ್ಟು, ಇನ್ನೊಂದು ಮೊರ ಮುಚ್ಚಿ ನೀರಿಗೆ ಬಿಡುವ ಪದ್ಧತಿ. ಅಮ್ಮನೂ ಮೊರ ಹಿಡಿದು ನಿಂತಳು. ನೀವು ಆಮೇಲೆ, ಇನ್ನೂ ಆಮೇಲೆ ಎಂದು ಊರಿನವರು ಅನ್ನುತ್ತಲೇ ಇದ್ದರು, ಹೊತ್ತು ನೆತ್ತಿಗೇರಿತು. ತೂಬು ಕಾಯುವುದಕ್ಕೆ ನಮ್ಮ ಕೇರಿಯವರೇ ಬೇಕು, ಗಂಗಮ್ಮನ ಮುಂದೆ ಮಾತ್ರ ನಾವು ಕಟ್ಟಕಡೆಗೆ. ಅಮ್ಮ ಬಾಗಿನವನ್ನು ಹಾಗೇ ಮನೆಗೆ ತಂದು ಅಟ್ಟದ ಮೇಲಿಟ್ಟಳು. "ಇನ್ನೊಂದ್ ಸಲ ಕೆರೆ ತುಂಬ್ಲಿ. ಏರಿ ಮ್ಯಾಲೆ ನಿಂತ್ಕಂಡು ಯಾರ ಮುಖಾನೂ ನೋಡಾಕಿಲ್ಲ. ನನ್ನ ಚಿಲುಮೆ ಮ್ಯಾಲೇ ಬುಡ್ತೀನಿ" ಅಂದಳು. ಕೆರೆ ಮತ್ತೆ ತುಂಬುವ ಹಿಂದಿನ ವರ್ಷ ಅವಳು ತೀರಿಕೊಂಡಳು.

"ಆ ಮಾತು ನೀನು ತೀರುಸ್ಬೇಕು ಕಣವ್ವ" ಎಂದು ಕೆರೆ ಮತ್ತೆ ತುಂಬಿದ ದಿನ ಅಪ್ಪ ನನ್ನ ಕೈ ಹಿಡಿದ. ಅವನ ಎರಡೂ ಕಣ್ಣಿಗೆ ಪೊರೆ ಬಂದು ನನ್ನ ಮುಖವೂ ಸರಿಯಾಗಿ ಕಾಣುತ್ತಿರಲಿಲ್ಲ. ಆಗಲಿ ಎಂದೆ. ಹೇಳಿದ ಮೇಲೆ ಮುಗಿಯಿತು, ನಾನು ಹಿಂದೆ ಸರಿಯುವವಳಲ್ಲ.

ದೋಣಿ ತಂದು ನೀರಿಗಿಳಿಸುವಷ್ಟರಲ್ಲಿ ನಾನೇ ಎಡವಟ್ಟು ಮಾಡಿದೆ. ಆಯುಧಪೂಜೆ ಬಂತು. ತಮ್ಮನ ಟ್ರ್ಯಾಕ್ಟರು, ನನ್ನ ಸ್ಕೂಟರು, ದೋಣಿ, ಎಲ್ಲವನ್ನೂ ಸಾಲಾಗಿ ನಿಲ್ಲಿಸಿ ವಿಭೂತಿ ಬಳಿದು ಬೂದುಗುಂಬಳ ಒಡೆದೆವು. ಬೇರೆ ಗಾಡಿಗಳು ನಿಂಬೆಹಣ್ಣಿನ ಮೇಲೆ ಹತ್ತಿ ಇಳಿದವು. ದೋಣಿ ಹೇಗೆ ಹತ್ತೀತು? "ಎಂಜಿನ್ನಾದ್ರೂ ಒಂದೀಟು ಗುರ್ರ್ ಅನ್ಸಕ್ಕ, ಪೂಜೆ ಆದಂಗಾಯ್ತದೆ" ಅಂದ ತಮ್ಮ. ನೋಡಲು ಅರ್ಧ ಊರು ಸೇರಿತ್ತು. ನನಗೂ ಜಂಬ. ಹಗ್ಗ ಎಳೆದು ಅಂಗಳದಲ್ಲೇ ಐದು ನಿಮಿಷ ಓಡಿಸಿದೆ. ಸುಟ್ಟ ರಬ್ಬರಿನ ವಾಸನೆ ಬಂದಾಗ ಎಲ್ಲರೂ ಅದನ್ನು ಧೂಪದ್ದು ಅಂದುಕೊಂಡರು.

ದೋಣಿಯ ಎಂಜಿನ್ನಿನ ಕಾಲು, ಅಂದರೆ ಫ್ಯಾನಿರುವ ಕೆಳಭಾಗ, ನೀರಿನಲ್ಲಿ ಮುಳುಗಿರಬೇಕು. ಒಳಗಿರುವ ಪುಟ್ಟ ರಬ್ಬರ್ ಚಕ್ರ ಆ ನೀರನ್ನೇ ಎಳೆದು ಎಂಜಿನ್ನನ್ನು ತಣ್ಣಗಿಡುತ್ತದೆ. ನೀರಿಲ್ಲದೆ ತಿರುಗಿದರೆ ಚಕ್ರ ಸುಟ್ಟು ಕರಕಲಾಗುತ್ತದೆ. ಇದನ್ನು ತಿಳಿಯದವಳು ವಿಜ್ಞಾನದ ಟೀಚರು. "ಓದು ಒಕ್ಕಾಲು, ಬುದ್ಧಿ ಮುಕ್ಕಾಲು" ಎಂದು ತಮ್ಮ ಛೇಡಿಸಿದ. ಗುರ್ರ್ ಅನ್ನಿಸು ಎಂದವನು ಯಾರಪ್ಪಾ ಎಂದು ಕೇಳಿದ್ದಕ್ಕೆ ಟ್ರ್ಯಾಕ್ಟರ್ ಹತ್ತಿ ಹೊರಟುಹೋದ.

ಹೊಸ ಚಕ್ರ ತರಿಸಿದೆ. ಬಂದದ್ದು ಬೇರೆ ಅಳತೆಯದು. ವಾಪಸು ಕಳಿಸಿ ಮತ್ತೆ ತರಿಸಿದೆ. ಇತ್ತ ಗದ್ದೆಗಳಿಗೆ ತೂಬು ಎತ್ತಿದ್ದರು. ಕೆರೆ ದಿನದಿನಕ್ಕೆ ಇಳಿಯುತ್ತಿತ್ತು. ಒಣಗಿದ್ದ ವರ್ಷಗಳಲ್ಲಿ ಕೆರೆಯಂಗಳದ ತುಂಬ ಬಳ್ಳಾರಿ ಜಾಲಿ ಬೆಳೆದಿತ್ತು, ಅದೆಲ್ಲ ಈಗ ನೀರಿನ ಕೆಳಗಿತ್ತು. ನೀರು ಇನ್ನೆರಡು ಮೊಳ ಇಳಿದರೆ ಜಾಲಿಯ ತಲೆ ಮೇಲೆ ಬಂದು ದೋಣಿಗೆ ದಾರಿಯೇ ಇರುವುದಿಲ್ಲ. ಮತ್ತೆ ಕೆರೆ ತುಂಬುವುದು ಯಾವಾಗಲೋ, ಆಗ ಅಪ್ಪ ಇರುತ್ತಾನೋ ಇಲ್ಲವೋ. ನನಗೆ ಹೆದರಿಕೆಯಾಯಿತು. ಹೆದರಿಕೆಯಾದಾಗ ನನಗೆ ಸಿಟ್ಟೂ ಬರುತ್ತದೆ, ಸಿಟ್ಟು ಬಂದರೆ ಕೆಲಸ ಚೆನ್ನಾಗಿ ಸಾಗುತ್ತದೆ.

ಎರಡು ಭಾನುವಾರ ಕೂತು ಎಂಜಿನ್ನಿನ ಕಾಲನ್ನು ನಾನೇ ಬಿಚ್ಚಿದೆ. ಬಿಚ್ಚಿದ ಬೋಲ್ಟುಗಳನ್ನು ಬಿಚ್ಚಿದ ಕ್ರಮದಲ್ಲೇ ಇಡ್ಲಿ ತಟ್ಟೆಯ ಕುಳಿಗಳಲ್ಲಿಟ್ಟೆ. ಸುಟ್ಟ ಚಕ್ರದ ಚೂರುಗಳನ್ನು ಹೇರ್‌ಪಿನ್ನಿನಿಂದ ಒಂದೊಂದಾಗಿ ಕೆದಕಿ ತೆಗೆದು, ಹೊಸದನ್ನು ಕೂರಿಸಿ ಗ್ರೀಸ್ ತುಂಬಿದೆ. ಆಮೇಲೆ ನೀಲಿ ಡ್ರಮ್ಮಿಗೆ ನೀರು ತುಂಬಿಸಿ, ಎಂಜಿನ್ನಿನ ಕಾಲನ್ನು ಅದರಲ್ಲಿ ಇಳಿಬಿಟ್ಟು ಹಗ್ಗ ಎಳೆದೆ. ಏಳನೆಯ ಸಲಕ್ಕೆ ಹೊತ್ತಿಕೊಂಡಿತು. ಪಕ್ಕದ ತೂತಿನಿಂದ ಸಣ್ಣ ಧಾರೆ ಚಿಮ್ಮಿತು. ಅಪ್ಪ ಆ ಧಾರೆಗೆ ಕೈಯೊಡ್ಡಿ, "ಉಸಿರಾಡ್ತೈತೆ" ಅಂದ.

ಮರುದಿನ ರಜೆ ಹಾಕಿದೆ. ಏರಿಯ ಮೇಲೆ ಹಿರಿಯರೊಬ್ಬರು ಅಡ್ಡ ಬಂದು, "ಕೆರೆ ಮಧ್ಯೆ ಬಾಗಿನ ಬುಡೋ ಪದ್ಧತಿ ಇಲ್ಲ ಕಣಮ್ಮ" ಅಂದರು. "ಇವತ್ತಿಂದ ಐತೆ ಬುಡಿ" ಅಂದೆ.

ಅಪ್ಪನಿಗೆ ತೇಲುವ ಜಾಕೆಟ್ ತೊಡಿಸಿದಾಗ, "ಇದೇನವ್ವ, ಎತ್ತಿಗೆ ಜೂಲು ಹೊದಿಸ್ದಂಗೆ" ಎಂದು ಗೊಣಗಿದ. ಮುಂದೆ ಅವನು, ಮಧ್ಯೆ ಬಾಗಿನ, ಹಿಂದೆ ಎಂಜಿನ್ನಿನ ಹಿಡಿ ಹಿಡಿದು ನಾನು. ಅಪ್ಪನ ತಲೆಯಲ್ಲಿ ಇಡೀ ಕೆರೆಯಂಗಳ ಹಾಗೇ ಇತ್ತು. "ಎಡಕ್ಕೆ ಹೋಗ್ಬ್ಯಾಡ, ಅಲ್ಲಿ ಬೋರು ಕೊರ್ಸಿದ್ರು, ಪೈಪು ನಿಂತೈತೆ. ಬಲಕ್ಕೆ ಗಾಡಿ ಜಾಡು, ಅಲ್ಲಿ ಜಾಲಿ ಕಮ್ಮಿ." ಅವನು ಹೇಳಿದಂತೆ ಗಾಡಿ ಹೋಗುತ್ತಿದ್ದ ದಾರಿಯ ಮೇಲೆ ದೋಣಿ ಓಡಿಸಿದೆ. ತಂಪು ಗಾಳಿ ಮುಖಕ್ಕೆ ಬಡಿಯುತ್ತಿತ್ತು. ಒಂದು ಗಳಿಗೆ ನಾನು ಬಾಗಿನವನ್ನೂ ಮರೆತು ಹಿಗ್ಗಿದೆ.

ಆಗಲೇ ಟಣ್ ಎಂದಿತು. ಎಂಜಿನ್ ಓಡುತ್ತಿದ್ದರೂ ದೋಣಿ ಕದಲಲಿಲ್ಲ. ಜಾಲಿ ಕೊಂಬೆಗೆ ಬಡಿದು, ನೀರನ್ನು ತಳ್ಳುವ ಫ್ಯಾನಿನ ಪಿನ್ನು ಮುರಿದಿತ್ತು. ತಾನು ಮುರಿದು ಗೇರನ್ನು ಉಳಿಸುವುದೇ ಅದರ ಕೆಲಸ. ಬೇರೆ ಪಿನ್ನುಗಳು ನನ್ನ ಸೆರಗಿನ ಗಂಟಿನಲ್ಲಿದ್ದವು. ಎಂಜಿನ್ನನ್ನು ನಿಲ್ಲಿಸಿ ಮೇಲೆತ್ತಿ, ಹೊಟ್ಟೆಯ ಮೇಲೆ ಮಲಗಿ, ಫ್ಯಾನು ಬಿಚ್ಚಿದೆ. ಮೊದಲ ಪಿನ್ನು ಜಾರಿ ನೀರಿಗೆ ಬಿತ್ತು. "ನಿದಾನ ಕಣವ್ವ, ನಿಮ್ಮವ್ವ ಒಂದೊಂದು ಚಿಪ್ಪಿಗೂ ಕಾಯ್ತಿದ್ಲು" ಅಂದ ಅಪ್ಪ. ಎರಡನೆಯದು ಕೂತಿತು.

ಮುಂದೆ ಬರಿಯ ಆಳ. ಅಪ್ಪ ತಲೆಯೆತ್ತಿ ದಡದ ಕಲ್ಲು, ಮರಗಳ ಬಗ್ಗೆ ಒಂದೊಂದಾಗಿ ಕೇಳತೊಡಗಿದ. ಜಾಲಿ ಮುಚ್ಚಿದಾಗ ಚಿಲುಮೆ ಹುಡುಕಲು ಇಟ್ಟುಕೊಂಡಿದ್ದ ಗುರುತುಗಳು ಅವು. "ತೂಬಿನ ಕಲ್ಲು ದೊಡ್ಡ ಹುಣಸೆ ಮರಕ್ಕೆ ಅಡ್ಡ ಬಂತಾ?"

"ಬಂತು ಅಪ್ಪ."

"ಬೆಟ್ಟದ ಮ್ಯಾಲಿನ ಕೋಟೆ ಬುರುಜು ಕೋಡಿ ಕಲ್ಲಿನ ನೆತ್ತಿಗೆ ನಿಂತ್ತಾ?"

"ಇನ್ನೊಂದೀಟು... ಈಗ ನಿಂತ್ತು."

"ನಿಲ್ಸು. ಇಲ್ಲೇ."

ಎಂಜಿನ್ ನಿಲ್ಲಿಸಿದೆ. ಅಟ್ಟದಿಂದ ತೆಗೆದ ಅಮ್ಮನ ಹಳೆಯ ಮೊರಗಳನ್ನೇ ತಂದಿದ್ದೆ, ಗೆದ್ದಲು ತಿಂದಿದ್ದ ಅಂಚಿಗೆ ಬಟ್ಟೆ ಹೊಲಿದಿದ್ದೆ. ಬಾಗಿನ ಬಿಟ್ಟೆ. ಅದು ಸ್ವಲ್ಪ ದೂರ ತೇಲಿ, ಓರೆಯಾಗಿ, ಮುಳುಗಿತು. ನಾನು ಅತ್ತೆ. ಅಮ್ಮ ಇರಬೇಕಿತ್ತು, ಅಷ್ಟೆ.

ಅಪ್ಪ ಅಂಗಿಯ ಒಳಗಿನಿಂದ ಏನನ್ನೋ ತೆಗೆದ. ಅಮ್ಮನ ತೆಂಗಿನ ಚಿಪ್ಪು, ಅಂಚು ಸವೆದು ನುಣ್ಣಗಾದದ್ದು. ಇದನ್ನು ಇಷ್ಟು ವರ್ಷ ಇಟ್ಟುಕೊಂಡಿದ್ದಾನೆಂದು ನನಗೆ ಗೊತ್ತೇ ಇರಲಿಲ್ಲ. ಬಾಗಿ ನೀರಿಗೆ ಅದ್ದಿ ಎತ್ತಿದ. ಕಾಣದ ಕಣ್ಣಿನವನು ಒಳಗೆ ಬೆರಳಿಟ್ಟು ನೋಡಿದ.

"ಒಂದೇ ಸಲಕ್ಕೆ ತುಂಬ್ತು ಕಣೇ" ಅಂದ. ನನಗಲ್ಲ, ಅಮ್ಮನಿಗೆ.