ಎಡಾ-ಬಲಾ ನೋಡ್ಕೋರಿ

ಮೊನ್ನೆ ಮೊಮ್ಮಗಳು ಸುಜಾತಾ ಹೊಸಪೇಟೆಯಿಂದ ಒಂದು ಹಳೆಯ ಕ್ಯಾಮೆರಾ ತಂದು ನನ್ನ ತೊಡೆಯ ಮೇಲಿಟ್ಟಳು. ಕೊಂಡದ್ದಲ್ಲ; ಎರಡು ದಿನ ನೋಡಿ ಹೇಳುತ್ತೇನೆಂದು ಅಂಗಡಿಯವರಿಂದ ಇಸಿದುಕೊಂಡದ್ದು. ಚೀಲದ ಗುಂಡಿ ಬಿಚ್ಚಿದೊಡನೆ ಹಳೆಯ ತೊಗಲಿನ ವಾಸನೆ, ಅದರ ಜೊತೆಗೆ ಸಣ್ಣಗೆ ಯಂತ್ರದ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ನಾನು ಸ್ವಲ್ಪ ಹೊತ್ತು ಕ್ಯಾಮೆರಾ ನೋಡುವುದನ್ನು ಬಿಟ್ಟು ಚೀಲವನ್ನೇ ಮೂಸುತ್ತ ಕೂತೆ.

"ಅಜ್ಜಾ, ಹೊಸಾವು ಭಾಳ ತುಟ್ಟಿ ಅದಾವು. ಇದು ಸೋವಿಗೆ ಬರತೈತಿ. ತಗೊಳ್ಳಲೋ ಬ್ಯಾಡೋ, ನೀನ ಹೇಳು" ಎಂದಳು.

ನನ್ನನ್ನು ಕೇಳುವುದಕ್ಕೆ ಅವಳಿಗೆ ಕಾರಣವಿದೆ. ನಮ್ಮ ಮನೆತನದಲ್ಲಿ ಕ್ಯಾಮೆರಾ ಕೊಂಡ ಮೊದಲನೆಯ ಮನುಷ್ಯ ನಾನು. ಆದರೆ ಹಾಗೆ ಕೊಂಡದ್ದು ಒಂದೇ ಒಂದು, ಅದೂ ಸೈಕಲ್ಲಿಗೆಂದು ಕೂಡಿಸಿಟ್ಟ ದುಡ್ಡಿನಲ್ಲಿ. ಅದರಲ್ಲಿ ತೆಗೆದ ಮುಖ್ಯವಾದ ಫೋಟೋವನ್ನೇ ಕೆಡಿಸಿದೆ. ಇಂಥವನ ಸಲಹೆಗೆ ಎಷ್ಟು ತೂಕವಿದ್ದೀತು, ನೀವೇ ಹೇಳಿ.

ಎರಡನೆಯ ದೊಡ್ಡ ಯುದ್ಧ ನಡೆದಿದ್ದ ಕಾಲ. ನಾನು ಹನುಮಸಾಗರದಲ್ಲಿ ಸಾಲಿ ಮಾಸ್ತರ. ಸರ್ಕಾರದ ಭಾಷೆ ಉರ್ದು, ಮಕ್ಕಳ ಭಾಷೆ ಕನ್ನಡ, ನಡುವೆ ಬೆತ್ತ ಹಿಡಿದುಕೊಂಡು ನಾನು. ಕುಷ್ಟಗಿಯಲ್ಲಿ ಅಪ್ಪನದು ಕಿರಾಣಿ ಅಂಗಡಿ. ವಾರಕ್ಕೊಮ್ಮೆ ಊರಿಗೆ ಬರುವುದೆಂದರೆ ಸಿಕ್ಕರೆ ಚಕ್ಕಡಿ, ಇಲ್ಲದಿದ್ದರೆ ಕಾಲು. ಆದ್ದರಿಂದ ನಾನು ಸೈಕಲ್ಲು ಕೊಳ್ಳಬೇಕೆಂಬುದು ಅಪ್ಪನ ತೀರ್ಮಾನ. ಅಪ್ಪನ ತೀರ್ಮಾನವೆಂದರೆ ಮನೆಯಲ್ಲಿ ಆಗಿಹೋದ ಕೆಲಸವೇ.

ಅದನ್ನು ಕೆಡಿಸಿದವಳು ಅವ್ವ. ಒಂದು ದಿನ ಜೋಳ ಹಸನು ಮಾಡುತ್ತ, ಯಾರ ಕಡೆಗೂ ನೋಡದೆ, "ನಮ್ಮವ್ವ ಹೋಗಿ ಇಪ್ಪತ್ತು ವರ್ಷ ಆತು. ಆಕಿ ಕೈ ನೆನಪೈತಿ, ಬಳಿ ಸಪ್ಪಳ ನೆನಪೈತಿ. ಮುಖ ಮಾತ್ರ ಕಣ್ಣಮುಂದ ಬರವಲ್ದು. ನಿಮಗ ಹಂಗ ಆಗಬಾರದು ನೋಡಪಾ" ಎಂದಳು. ಅಷ್ಟೇ ಅಂದದ್ದು. ಮತ್ತೆ ಜೋಳದ ಕಡೆ ತಿರುಗಿದಳು.

ಅವ್ವನ ಮಾತಿನಿಂದಲೇ ನಾನು ಕ್ಯಾಮೆರಾ ಕೊಂಡೆ ಎಂದು ಹೇಳಿದರೆ ನನ್ನ ಗೌರವ ಹೆಚ್ಚೀತು. ನಿಜ ಹೇಳುತ್ತೇನೆ, ಕ್ಯಾಮೆರಾದ ಹುಚ್ಚು ನನಗೆ ಮೊದಲೇ ಇತ್ತು. ಅವ್ವನ ಮಾತು ಆ ಹುಚ್ಚಿಗೆ ಒಂದು ಒಳ್ಳೆಯ ಅಂಗಿ ತೊಡಿಸಿತು.

ನನಗೆ ಗೊತ್ತಿದ್ದ ಒಬ್ಬರೇ ಪರಿಣತರೆಂದರೆ ಯಲಬುರ್ಗಿಯ ಖಾದರಸಾಬರು. ಕಚೇರಿಯಲ್ಲಿ ಕಾಗದಪತ್ರ ನೋಡುವ ಪೇಶ್ಕಾರರಾಗಿದ್ದು ನಿವೃತ್ತರಾದವರು. ತಾರುಣ್ಯದಲ್ಲಿ ಗಾಜಿನ ತಟ್ಟೆಯ ಮೇಲೆ ಫೋಟೋ ತೆಗೆದವರು. ಕರೆದದ್ದೇ ತಡ, ಕರಿ ಶೇರ್ವಾನಿ ತೊಟ್ಟು ಹೊರಟೇಬಿಟ್ಟರು. ಕೊಪ್ಪಳದಲ್ಲಿ ರೈಲು ಹತ್ತಿ ಗದಗಿಗೆ ಹೋದೆವು. ದಾರಿಯುದ್ದಕ್ಕೂ ಅವರು ಕ್ಯಾಮೆರಾ ಆರಿಸುವ ಬಗೆ ಹೇಳಿದರು. ನಾನು ಕ್ಯಾಮೆರಾ ಹೆಗಲಿಗೇರಿಸಿ ಹನುಮಸಾಗರದ ಓಣಿಯಲ್ಲಿ ಹೇಗೆ ಕಾಣುತ್ತೇನೆಂದು ಯೋಚಿಸಿದೆ.

ಅಂಗಡಿಯವರು ನನ್ನ ಸೈಕಲ್ಲಿನ ದುಡ್ಡಿಗೆ ಎಟುಕುವ ಮೂರು ಕ್ಯಾಮೆರಾ ತಂದಿಟ್ಟರು. ಮೊದಲನೆಯದು ಬರೀ ಡಬ್ಬಿ. ಖಾದರಸಾಬರು ಅದರ ಕಿಂಡಿಗೆ ಕಣ್ಣಿಟ್ಟು, "ಈ ಕಿಡಕಿ ಉಗುರಿನಷ್ಟ ಐತ್ರಿ. ನಿಮ್ಮ ಅಮ್ಮಾರ ಮುಖ ಇದರಾಗ ಸಾಸಿವಿ ಕಾಳಾಗತೈತಿ" ಎಂದು ಸರಿಸಿದರು. ಎರಡನೆಯದು ಹಾರ್ಮೋನಿಯಂ ತಿದಿಯ ಹಾಗೆ ಮಡಿಚುವಂಥದ್ದು. ಹಿಂದಿನ ಬಾಗಿಲು ತೆಗೆದು, ತೊಗಲಿನ ಮಡಿಕೆಯನ್ನು ಬಿಸಿಲಿಗೆ ಹಿಡಿದು ಒಳಗೆ ನೋಡಿದರು. ಮೂರು ಕಡೆ ಬೆಳಕಿನ ಚುಕ್ಕಿ ಹೊಳೆಯಿತು. "ಇದು ಕ್ಯಾಮೆರಾ ಅಲ್ರಿ, ಸಾಣಿಗಿ" ಎಂದರು. ಅಂಗಡಿಯವರು ನಕ್ಕು ಅದನ್ನು ತಾವೇ ಒಳಗಿಟ್ಟರು.

ಮೂರನೆಯದು ಕನ್ನಡಿಯ ಕ್ಯಾಮೆರಾ. ಊರು ಬಿಟ್ಟು ಹೊರಟ ಬಿಳಿಯ ಅಧಿಕಾರಿಯೊಬ್ಬ ಮಾರಿಹೋದದ್ದಂತೆ. ಒಳಗಿನ ಕನ್ನಡಿಯ ಅಂಚಿನ ರಸ ಕಿತ್ತುಹೋಗಿತ್ತು, ಅದಕ್ಕೇ ಸೋವಿ. ಎದೆಯ ಕೆಳಗೆ ಹಿಡಿದು, ಮೇಲಿನ ಮುಚ್ಚಳ ತೆರೆದು ಬಗ್ಗಿ ನೋಡಬೇಕು. ಲೆನ್ಸಿಗೆ ಏನು ಕಾಣುತ್ತದೋ ಅದೇ ಮೇಲಿನ ಮಸುಕು ಗಾಜಿನಲ್ಲಿ ನಿಮಗೂ ಕಾಣುತ್ತದೆ. ನಾನು ಬಗ್ಗಿದೆ. ಗದಗಿನ ಬಜಾರು ನನ್ನ ಅಂಗೈಯಷ್ಟು ಗಾಜಿನಲ್ಲಿ ನಡೆದಾಡುತ್ತಿತ್ತು. ಟಾಂಗಾ ಬಂತು, ಬಾಳೆಹಣ್ಣಿನವಳು ಬುಟ್ಟಿ ಇಳಿಸಿದಳು, ನಾಯಿ ಕಿವಿ ಕೆರೆದುಕೊಂಡಿತು. ಬೀದಿಯಲ್ಲಿ ದಿನಾ ಕಾಣುವುದೇ ಆ ಗಾಜಿನಲ್ಲಿ ಹೊಸದಾಗಿ ಕಂಡಿತು. ಅಲ್ಲಿಗೆ ಸೈಕಲ್ಲಿನ ಕಥೆ ಮುಗಿಯಿತು.

ಖಾದರಸಾಬರು ಶಟರನ್ನು ಕಿವಿಗೆ ಹಿಡಿದು, ಗಡಿಯಾರ ಕೇಳುವಂತೆ ಕೇಳಿ ತಲೆಯಾಡಿಸಿದರು. ಆಮೇಲೆ ಅಂಗಡಿಯವರನ್ನು, "ಇದಕ್ಕ ರೋಲ್ ಸಿಗತಾವೇನ್ರಿ? ಅದನ್ನ ಮದ್ಲ ಹೇಳ್ರಿ" ಎಂದು ಕೇಳಿದರು. ಯುದ್ಧದ ದೆಸೆಯಿಂದ ಮಾಲು ಬರುತ್ತಿಲ್ಲ, ಇರುವುದು ಒಂದೇ ರೋಲು, ಎಂಟು ಚಿತ್ರ ಎಂದು ಉತ್ತರ ಬಂತು. "ಹಂಗಾರ ವಿಚಾರ ಮಾಡ್ರಿ ಮಾಸ್ತರ" ಎಂದರು ಖಾದರಸಾಬರು. ವಿಚಾರ ಮಾಡುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಮರಳುವಾಗ ಕೊಪ್ಪಳದ ಸ್ಟೇಶನ್ನಿನಲ್ಲಿ ಬೀಳ್ಕೊಡುತ್ತ ಅವರು, "ಇದರಾಗ ನೋಡಿ ಫೋಟೋ ತಗಿಯುವಾಗ ಎಡಾ-ಬಲಾ ನೋಡ್ಕೋರಿ" ಎಂದರು. ಬಗ್ಗಿಕೊಂಡು ನಡೆದರೆ ಎತ್ತೋ ಎಮ್ಮೆಯೋ ಹಾಯ್ದೀತು ಎಂಬ ಕಾಳಜಿಯೆಂದು ತಿಳಿದು, "ಆಗಲ್ರಿ, ಹುಷಾರ ಇರತೀನಿ" ಎಂದೆ.

ಮನೆಯಲ್ಲಿ ಅಪ್ಪ ಪೆಟ್ಟಿಗೆಯನ್ನು ನಾಲ್ಕೂ ಕಡೆ ತಿರುಗಿಸಿ ನೋಡಿ, "ಇದರ ಗಾಲಿ ಎಲ್ಲಿ ಅದಾವೋ?" ಎಂದು ಕೇಳಿದ. ಅಂದಿನಿಂದ ಅವನು ನನ್ನೊಡನೆ ಮಾತು ಬಿಟ್ಟ. ಮುಂದಿನ ಮೂರು ದಿನದಲ್ಲಿ ನಾನು ಏಳು ಚಿತ್ರ ಮುಗಿಸಿದೆ. ಎತ್ತು, ಬಾವಿ, ಬೇವಿನ ಗಿಡ, ಮತ್ತೆ ಅದೇ ಎತ್ತು, ಕೈತಪ್ಪಿ ನನ್ನದೇ ಪಾದ, ಹೀಗೆ. ಎಂಟನೆಯದನ್ನು ಅವ್ವನಿಗೆಂದು ಉಳಿಸಿದೆ.

ಅವ್ವ ಇಳಕಲ್ ಸೀರೆ ಉಟ್ಟು ಬಂದಳು. ಒಬ್ಬಳೇ ನಿಲ್ಲಲಾರೆ ಎಂದು ಅಪ್ಪನನ್ನೂ ಎಬ್ಬಿಸಿ ತಂದಳು. ಅಪ್ಪ ಸಿಟ್ಟಿನಲ್ಲಿಯೇ ರುಮಾಲು ಸುತ್ತಿಕೊಂಡ. ಇಬ್ಬರೂ ಬೇವಿನ ಗಿಡದ ಮುಂದೆ ನಿಂತರು. ಅವ್ವ, ಯಾರೂ ಹೇಳಬೇಕಾಗಿಲ್ಲದ ಹಾಗೆ, ಗಂಡನ ಎಡಕ್ಕೆ. ನಾನು ಬಗ್ಗಿ ಗಾಜಿನಲ್ಲಿ ನೋಡಿದೆ. ಏನೋ ತಪ್ಪಿದಂತೆ ಕಂಡಿತು. ಗದಗಿನ ಸ್ಟುಡಿಯೋ ಕಪಾಟಿನಲ್ಲಿ ನೋಡಿದ ಗಂಡ-ಹೆಂಡಿರ ಫೋಟೋಗಳನ್ನೆಲ್ಲ ನೆನಪಿಸಿಕೊಂಡೆ; ಎಲ್ಲದರಲ್ಲೂ ಹೆಂಡತಿ ಗಂಡನ ಎಡಕ್ಕೆ. ಈ ಗಾಜಿನಲ್ಲಿ ಅವ್ವ ಅಪ್ಪನ ಬಲಕ್ಕೆ ನಿಂತಿದ್ದಾಳಲ್ಲ!

"ಅವ್ವಾ, ನೀ ಆ ಕಡಿ ಬಾ."

"ಹೆಂಡತಿ ಹಂಗ ನಿಲ್ಲೂದಲ್ಲಪಾ" ಎಂದಳು ಅವ್ವ.

"ಇದರಾಗ ನನಗ ಕಾಣತೈತಿ. ನೀ ಬಾ" ಎಂದೆ. ಕಲಿತ ಮಗ ಹೇಳುತ್ತಾನೆಂದು ಜಾಗ ಬದಲಿಸಿದಳು. ಅವಳ ಎಡಮೂಗಿನ ಮೂಗಬೊಟ್ಟು ಗಾಜಿನಲ್ಲಿ ಬಲಕ್ಕೆ ಹೋಗಿದ್ದದ್ದು ಕೂಡ ನನ್ನ ಕಣ್ಣಿಗೆ ಬೀಳಲಿಲ್ಲ. ಒತ್ತಿದೆ. ಆ ಕ್ಯಾಮೆರಾದಲ್ಲಿ ಒತ್ತಿದೊಡನೆ ಕನ್ನಡಿ ಮೇಲೆದ್ದು ಗಾಜು ಕಪ್ಪಾಗುತ್ತಿತ್ತು.

ಗದಗಿನಲ್ಲಿ ತೊಳೆಸಿದ ಫೋಟೋ ಟಪಾಲಿನಲ್ಲಿ ಬಂದಾಗ ಖಾದರಸಾಬರ ಮಾತಿನ ಅರ್ಥವಾಯಿತು. ಕನ್ನಡಿ ಎಡವನ್ನು ಬಲ ಮಾಡುತ್ತದೆ; ಅದನ್ನು ನಂಬಿ ನಾನು ಸರಿಯಾಗಿ ನಿಂತವರನ್ನು ತಪ್ಪಾಗಿ ನಿಲ್ಲಿಸಿದ್ದೆ. ಫೋಟೋದಲ್ಲಿ ಅವ್ವ ಗಂಡನ ಬಲಕ್ಕೆ. ಮುಖ ಮಾತ್ರ ಎಷ್ಟು ಸ್ಪಷ್ಟವಾಗಿ ಬಂದಿತ್ತೆಂದರೆ ಹಣೆಯ ಕುಂಕುಮದ ಅಂಚು ಕೂಡ ಕಾಣುತ್ತಿತ್ತು. ನೆಂಟರು ಬಂದವರೆಲ್ಲ ಅಪ್ಪನನ್ನು ಕಾಡಿದರು: "ಬಲಗಡಿ ಜಾಗಾ ಬಿಟ್ಟುಕೊಟ್ಟೀರಿ, ಅಂಗಡಿ ಕೀಲಿನೂ ಆಕಿ ಕೈಯಾಗ ಕೊಟ್ಟೀರೇನ್ರಿ?" ಅಪ್ಪನಿಗೆ ನಗು ಬಂತು. ಅವತ್ತಿನಿಂದ ನನ್ನೊಡನೆ ಮಾತಾಡಿದ ಎನ್ನುವುದೊಂದೇ ಲಾಭ.

ಯುದ್ಧ ಮುಗಿದು ರೋಲು ಬಂದೊಡನೆ ಸರಿಯಾಗಿ ಇನ್ನೊಂದು ತೆಗೆಯುತ್ತೇನೆಂದು ಅವ್ವನಿಗೆ ಮಾತು ಕೊಟ್ಟೆ. ನಡುವೆ ನನ್ನ ಮದುವೆಯಾಯಿತು. ಯುದ್ಧ ಮುಗಿಯಿತು. ರೋಲು ಬರುವುದು ಮಾತ್ರ ತಡವಾಯಿತು. ಅದು ಬರುವ ಮೊದಲೇ ಅವ್ವ ಹೋಗಿಬಿಟ್ಟಳು. ಅವಳು ನನ್ನಿಂದ ಬೇಡಿದ್ದು ಒಂದೇ, ಅದನ್ನೂ ನಾನು ನೆಟ್ಟಗೆ ಮಾಡಿಕೊಡಲಿಲ್ಲ. ಇದು ನನ್ನನ್ನು ಬಹಳ ವರ್ಷ ನೋಯಿಸಿತು, ಈಗಲೂ ನೋಯಿಸುತ್ತದೆ.

ಇಷ್ಟನ್ನೂ ಸುಜಾತಾಗೆ ಹೇಳಿ ಮುಗಿಸುವಷ್ಟರಲ್ಲಿ ಚಹಾ ತಂದ ನನ್ನ ಹೆಂಡತಿ ಅಲ್ಲಿಯೇ ಕೂತು, "ಅತ್ತಿ ಆ ಫೋಟೋ ಎಲ್ಲಿ ಹಾಕಿದ್ರು, ನೆನಪೈತೇನ್ರಿ?" ಎಂದು ಕೇಳಿದಳು.

"ಪಡಸಾಲಿ ಗ್ವಾಡಿಗೆ."

"ಕನ್ನಡಿ ಎದುರಿನ ಗ್ವಾಡಿಗೆ. ದಿನಾ ಮುಂಜಾನಿ ಕುಂಕುಮ ಹಚ್ಚಿಕೊಳ್ಳುವಾಗ ಕನ್ನಡ್ಯಾಗ ಅದನ್ನ ನೋಡತಿದ್ರು. ಅದರಾಗ ಮಾವ ಆ ಕಡಿ, ಅತ್ತಿ ಈ ಕಡಿ, ಎಲ್ಲಾ ಸರಿ ಕಾಣತಿತ್ತು. 'ಕನ್ನಡ್ಯಾಗ ತಪ್ಪಿದ್ದು ಕನ್ನಡ್ಯಾಗ ಸರಿ ಆತು, ಅವಗ ಹೇಳಬ್ಯಾಡ, ಇನ್ನೊಂದು ತಗಿತೀನಿ ಅಂತ ಕುಣಿಲಿ' ಅಂದಿದ್ರು."

ನಲವತ್ತು ವರ್ಷ ಈ ಮಾತನ್ನು ಅವಳು ಹೊಟ್ಟೆಯಲ್ಲಿಟ್ಟುಕೊಂಡಿದ್ದಳು. ಆರಿದ ಚಹಾ ಕುಡಿದು ಮುಗಿಸಿದೆ.

ಸುಜಾತಾಗೆ ಖಾದರಸಾಬರ ಪಾಠವನ್ನೇ ಒಪ್ಪಿಸಿದೆ: ಬೆಳಕಿಗೆ ಹಿಡಿದು ನೋಡು, ಶಟರಿನ ಸಪ್ಪಳ ಕೇಳು, ರೋಲು ಸಿಗುತ್ತದೆಯೇ ವಿಚಾರಿಸು, ಆಮೇಲೆ ಕೊಳ್ಳು. ಅವಳು ಅದನ್ನು ಕಣ್ಣಿಗೆ ಹಿಡಿದು, "ಈಗಿನ ಕ್ಯಾಮೆರಾದಾಗ ಎಡಾ-ಬಲಾ ಸರೀನ ಕಾಣತಾವಜ್ಜಾ. ನೀವಿಬ್ಬರೂ ನಿಲ್ಲರಿ, ಒಂದು ತಗದು ನೋಡತೀನಿ" ಎಂದಳು.

ಅಂಗಳಕ್ಕೆ ಹೋಗಿ ನಿಂತೆ. ನನ್ನ ಹೆಂಡತಿ ಸೆರಗು ಸರಿಪಡಿಸಿಕೊಂಡು ಬಂದವಳು, ನನ್ನ ಹಿಂದಿನಿಂದ ಸುತ್ತಿ, ಬಲಕ್ಕೆ ನಿಂತಳು.

"ಅಜ್ಜಿ, ನೀ ಈ ಕಡಿ ಬರಬೇಕು" ಎಂದಳು ಸುಜಾತಾ.

"ನಮ್ಮ ಮನ್ಯಾಗ ಹಿಂಗ ನಿಲ್ಲೂದವ್ವಾ. ನೀ ಒತ್ತು" ಎಂದಳು ಅವಳು.