ಬೋಣಿಯ ಮೀನು ಪುಕ್ಕಟೆ ಕೊಡದ ಕುಶಲಕ್ಕ

ಬೆಳಕು ಹರಿಯುವ ಹೊತ್ತು. ಮಲ್ಪೆ ಬಂದರಿನ ಏಲಂನಲ್ಲಿ ಎರ್ಮಾಳಿನ ಕುಶಲಾ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬಂಗುಡೆಯ ರಾಶಿಯ ಮುಂದೆ ನಿಂತಿದ್ದಾರೆ. "ಕಿವಿರು ನೋಡಿ ಮಾತಾಡಿ ಮಾರಾಯ್ರೆ, ನಿನ್ನೆಯ ಮೀನಿಗೆ ಇವತ್ತಿನ ರೇಟು ಹೇಳಬೇಡಿ!" ಸುತ್ತಲಿನವರು ನಗುತ್ತಾರೆ, ರಾಶಿ ಇವರ ಬುಟ್ಟಿಗೆ ಬೀಳುತ್ತದೆ. ಇನ್ನು ಟೆಂಪೋ ಹತ್ತಿ ಕಾಪು ಮಾರುಕಟ್ಟೆಗೆ.

ತುಳು ಸಿನಿಮಾ ನೋಡುವವರು ಈ ದನಿಯನ್ನು ಕೇಳಿರುತ್ತಾರೆ, ಹೆಸರು ಮಾತ್ರ ಯಾರಿಗೂ ಗೊತ್ತಿಲ್ಲ. ಒಂಬತ್ತು ಚಿತ್ರಗಳಲ್ಲಿ ಇವರು ನೆರೆಮನೆಯವಳು, ಜಗಳಗಂಟಿ, ಹೆಣದ ಮುಂದೆ ಅಳುವವಳು. ಮೀನು ಮಾರುವವಳ ಪಾತ್ರ ಒಮ್ಮೆಯೂ ಸಿಕ್ಕಿರಲಿಲ್ಲ. ಅದಕ್ಕೆ ಬೆಳ್ಳಗಿನ ಮುಖವೇ ಬೇಕಂತೆ! ಗಂಡ ಕರುಣಾಕರ ಬೋಟಿನಲ್ಲಿ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಮನೆ ನಡೆಯುವುದು ಈ ಬುಟ್ಟಿಯಿಂದಲೇ.

ಕೊನೆಗೂ ನಿರ್ದೇಶಕ ಯೋಗೀಶ್ ತಮ್ಮ ಹೊಸ ಚಿತ್ರದಲ್ಲಿ ಆ ಪಾತ್ರ ಕೊಡುವುದಾಗಿ ಹೇಳಿದರು, ಅದೂ ಮುಖ್ಯ ಪಾತ್ರ. ಅದೇ ವಾರ ಮಣಿಪಾಲದಲ್ಲೊಂದು ಕಾರ್ಯಕ್ರಮ. ನಿರ್ದೇಶಕರೂ ನಟರೂ ತಮಗೆ ಸ್ಫೂರ್ತಿಯಾದ ಚಿತ್ರ ಯಾವುದೆಂದು ಹೇಳಬೇಕು. ಒಬ್ಬರು ಜಪಾನಿನದು ಎಂದರು, ಇನ್ನೊಬ್ಬರು ಇರಾನಿನದು. ಕುಶಲಾ ಮೈಕ್ ಹಿಡಿದು, ಪಕ್ಕದಲ್ಲೇ ಕುಳಿತಿದ್ದ ಯೋಗೀಶರ ಮೊದಲ ಚಿತ್ರದ ಹೆಸರು ಹೇಳಿದರು. ಚಪ್ಪಾಳೆಯೋ ಚಪ್ಪಾಳೆ. ಅಲ್ಲಿಗೇ ಮಾತು ನಿಲ್ಲಿಸಿ ಕುಳಿತಿದ್ದರೆ ಎಲ್ಲವೂ ಸುಸೂತ್ರ. ಆದರೆ ಕುಶಲಕ್ಕನ ಬಾಯಿಗೆ ಬೀಗ ಹಾಕುವವರು ಇನ್ನೂ ಹುಟ್ಟಿಲ್ಲ.

"ನಾನು ನಟಿಸಲಿಕ್ಕೆ ಬಂದದ್ದು ಆ ಸಿನಿಮಾದ ಮೇಲಿನ ಸಿಟ್ಟಿನಿಂದ. ಅದರಲ್ಲಿ ಮೀನು ಮಾರುವ ನಾಯಕಿ ಬುಟ್ಟಿ ಇಳಿಸಿದ ಕೂಡಲೇ ನಾಯಕನ ಮುಖ ನೋಡಿ ನಾಚಿ, ಮೊದಲ ಮೀನನ್ನೇ ಪುಕ್ಕಟೆ ಕೊಡುತ್ತಾಳೆ. ಬೋಣಿಯ ಮೀನನ್ನು ಧರ್ಮಕ್ಕೆ ಕೊಡುವ ಹೆಂಗಸು ನಮ್ಮಲ್ಲಿ ಎಲ್ಲಿ ಉಂಟು? ಸ್ವಂತ ತಮ್ಮ ಬಂದರೂ ಒಂದು ರೂಪಾಯಿಯಾದರೂ ಇಡಿಸಿ, ಅದನ್ನು ಕಣ್ಣಿಗೆ ಒತ್ತಿಕೊಂಡೇ ಕೊಡುವುದು. 'ಇದು ನಾವಲ್ಲ' ಅಂತ ಥಿಯೇಟರಿನಲ್ಲೇ ಕೂಗಿದೆ."

ಯೋಗೀಶ್ ಅಂದು ನಕ್ಕರು. ಆದರೆ ಹೊಸ ಚಿತ್ರದ ಕಥೆ ಓದಿಸುವಾಗ ನೋಡಿದರೆ ಅದೇ ಪುಕ್ಕಟೆ ಮೀನಿನ ದೃಶ್ಯ ಮತ್ತೆ ಹಾಜರು. "ಜನರಿಗೆ ಇಷ್ಟವಾದದ್ದು, ಇರಲಿ ಕುಶಲಕ್ಕ," ಎಂದರು.

"ಹಾಗಾದರೆ ನಾನು ಇರುವುದಿಲ್ಲ," ಎಂದು ಕುಶಲಾ ಎದ್ದು ಬಂದರು. ಪಾತ್ರ ಬೇರೊಬ್ಬರ ಪಾಲಾಗಿದೆ.

"ಒಂದು ದೃಶ್ಯಕ್ಕೆ ಇಷ್ಟು ಹಟ ಎಂತದ್ದು?" ಎಂದು ಕರುಣಾಕರ ಇವತ್ತಿಗೂ ಗೊಣಗುತ್ತಾರೆ. ಕಾಪುವಿನಲ್ಲಿ ಬುಟ್ಟಿ ಇಳಿಸುತ್ತಾ ಕುಶಲಾ ಉತ್ತರಿಸುವುದು ನಮಗೆ.

"ಬೇಸರ ಉಂಟು, ಇಲ್ಲ ಅಂತ ಸುಳ್ಳು ಹೇಳುವುದಿಲ್ಲ. ಅತ್ತೂ ಆಯಿತು. ಅವರು ಹಾಗೆಯೇ ಸಿನಿಮಾ ಮಾಡಲಿ ಮಾರಾಯ್ರೆ. ಅದನ್ನು ನೋಡಿ ಸಿಟ್ಟು ಬಂದು ನಮ್ಮ ಹುಡುಗಿ ಇನ್ನೊಬ್ಬಳು ನಟಿಸಲಿಕ್ಕೆ ಬಂದೇ ಬರುತ್ತಾಳೆ."